ನಿರ್ಗಮನ ಸಪ್ತಾಹ ಮೀಮಾಂಸೆ

ಯಾವ ಶಾಸ್ತ್ರವನ್ನಾಗಲಿ ಆರಂಭಿಸುವ ಮುನ್ನ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳನ್ನು ನಿರೂಪಿಸತಕ್ಕದ್ದೆಂಬುದು ಪೂರ್ವಾಚಾರ್ಯರ ಕಟ್ಟಳೆ. ಪರದೇಶದಲ್ಲಿ ವರ್ಷಗಟ್ಟಲೆ ವಾಸವಾಗಿದ್ದವನು ಊರಿಗೆ ಹೊರಡುವ ಹಿಂದಿನ ಏಳು ದಿನಗಳಲ್ಲಿ ಅಲ್ಲಿಯ ಪ್ರೇಕ್ಷಣೀಯ ಸ್ಥಳಗಳನ್ನೆಲ್ಲ ಒಂದೇ ಉಸಿರಿಗೆ ನೋಡಿ ಮುಗಿಸುವುದೂ, ಆ ಓಟದ ನಡುನಡುವೆ ತನ್ನ ಬಾಳಿನ ಅರ್ಥವೇನೆಂದು ಚಿಂತಿಸುವುದೂ ಈ ಪ್ರಬಂಧದ ವಿಷಯ. ಊರಿನಲ್ಲಿ ಕೇಳುವವರಿಗೆ ತಲೆತಗ್ಗಿಸದೆ ಉತ್ತರ ಹೇಳಬಲ್ಲವನಾಗುವುದೇ ಪ್ರಯೋಜನ. ಸಂಬಂಧವನ್ನು ನಾವು ವಿಸ್ತರಿಸಬೇಕಾದದ್ದಿಲ್ಲ. ಆ ಕೆಲಸವನ್ನು ಸಂಬಂಧಿಕರೇ ನೋಡಿಕೊಳ್ಳುತ್ತಾರೆ. ಇನ್ನು ಅಧಿಕಾರಿಯಾರೆಂದರೆ, ಹಿಂದಿರುಗುವ ಟಿಕೆಟ್ಟು ಕೈಸೇರಿ, ಪೆಟ್ಟಿಗೆಯೊಂದಕ್ಕೆ 23 ಕಿಲೋ ಎಂಬ ವಿಧಿವಾಕ್ಯದಲ್ಲಿ ಶ್ರದ್ಧೆ ಹುಟ್ಟಿ, ತೂಗುವ ಕೊಕ್ಕೆಯನ್ನು ನೆರೆಮನೆಯಿಂದ ಎರವಲು ತಂದಿರುವ ಮುಮುಕ್ಷುವೇ ಇದಕ್ಕೆ ಅಧಿಕಾರಿ.

ವಿಚಾರವು ನಿರಾಲಂಬವಾಗಬಾರದೆಂದು ಲಂಡನ್ ನಗರವನ್ನು ದೃಷ್ಟಾಂತವಾಗಿ ಇಟ್ಟುಕೊಳ್ಳೋಣ. ಇಲ್ಲಿ ಪೂರ್ವಪಕ್ಷಿಯು ಆಕ್ಷೇಪಿಸುವನು: ನೋಡತಕ್ಕದ್ದನ್ನು ಬಂದ ಮೊದಲ ವಾರದಲ್ಲಿಯೇ ಏಕೆ ನೋಡಬಾರದು? ಅಜ್ಞನಾದ ಪೂರ್ವಪಕ್ಷಿಯೇ, ಮೊದಲ ವಾರದಲ್ಲಿ ಬ್ಯಾಂಕಿನವರು ವಿಳಾಸವಿಲ್ಲದೆ ಖಾತೆ ತೆರೆಯರು, ಮನೆಯೊಡೆಯರು ಖಾತೆಯಿಲ್ಲದೆ ವಿಳಾಸ ಕೊಡರು; ನೈಯಾಯಿಕರು ಅನ್ಯೋನ್ಯಾಶ್ರಯವೆಂದು ಹೆಸರಿಟ್ಟು ದೋಷಗಳ ಪಟ್ಟಿಗೆ ಸೇರಿಸಿರುವ ಈ ಚಕ್ರದೊಳಗೆ ಸಿಕ್ಕಿಕೊಂಡು, ತೊಗರಿಬೇಳೆ ಎಲ್ಲಿ ದೊರೆಯುತ್ತದೆಂದು ಕಂಡಕಂಡವರನ್ನು ಕೇಳುತ್ತ ಅಲೆಯುವವನಿಗೆ ಅರಮನೆಯ ಕಾವಲುಗಾರರ ಕೆಂಪು ಅಂಗಿ ಕಂಡೀತೇ? ಹಾಗಾದರೆ ನಡುವಣ ತಿಂಗಳುಗಳಲ್ಲಿ ನೋಡಬಹುದಲ್ಲಾ ಎಂದರೆ, ಅದೂ ಸಲ್ಲದು. ಹನ್ನೊಂದನೆಯ ಶತಮಾನದಿಂದ ನಿಂತಲ್ಲೇ ನಿಂತಿರುವ ಕೋಟೆಯು ಬರುವ ಶನಿವಾರದೊಳಗೆ ಎಲ್ಲಿಗೆ ಓಡಿಹೋದೀತು ಎಂಬ ತರ್ಕವು ಶುಕ್ರವಾರ ಸಂಜೆ ಹುಟ್ಟಿ ಪ್ರತಿ ವಾರವೂ ಅಖಂಡಿತವಾಗಿ ಉಳಿಯುತ್ತದೆ. ಈ ತರ್ಕವನ್ನು ಖಂಡಿಸಬಲ್ಲ ಗ್ರಂಥವಿಲ್ಲ. ವಿಮಾನದ ಟಿಕೆಟ್ಟೊಂದೇ ಅದನ್ನು ಖಂಡಿಸುತ್ತದೆ.

ಆ ಕೋಟೆಯ, ಎಂದರೆ ಟವರ್ ಆಫ್ ಲಂಡನ್ನಿನ, ದರ್ಶನವಿಧಿಯು ಪರಿಶೀಲನಾರ್ಹವಾದದ್ದು. ಅರಸೊತ್ತಿಗೆಯ ಕಿರೀಟಗಳನ್ನಿಟ್ಟಿರುವ ಭಂಡಾರದಲ್ಲಿ ನೋಡುವವನು ನಡೆಯಬೇಕಾದದ್ದಿಲ್ಲ, ನಿಲ್ಲುವ ಹಾಗೂ ಇಲ್ಲ. ನೆಲವೇ ಪಟ್ಟಿಯಂತೆ ಸರಿಯುತ್ತ ಅವನನ್ನು ಕಿರೀಟಗಳ ಮುಂದಿನಿಂದ ಹಾಯಿಸಿ ಆಚೆಗೆ ಬಿಡುತ್ತದೆ. ತಿರುಪತಿಯಲ್ಲಿ ‘ಜರುಗಂಡಿ’ ಎಂದು ಹೆಗಲಿಗೆ ಕೈಹಾಕುವವರು ಮನುಷ್ಯರಾದ್ದರಿಂದ ಅವರ ಮೇಲೆ ಸಿಟ್ಟಾದರೂ ಮಾಡಿಕೊಳ್ಳಬಹುದು. ನೆಲದ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ? 1849ರಲ್ಲಿ ಪಂಜಾಬಿನ ಬಾಲಕ ದೊರೆಯಿಂದ ಈಸ್ಟ್ ಇಂಡಿಯಾ ಕಂಪನಿಯ ಒಪ್ಪಂದದ ಮೂಲಕ ಹೋದ ಕೋಹಿನೂರು, 1852ರಲ್ಲಿ ಸಾಣೆಗೆ ಸಿಕ್ಕಿ 186 ಕ್ಯಾರೆಟ್ಟಿನಿಂದ 105.6ಕ್ಕೆ ಇಳಿದು, 1937ರಲ್ಲಿ ಮಾಡಿಸಿದ ರಾಣಿಯ ಕಿರೀಟವೊಂದರಲ್ಲಿ ಕೂತು ಈ ಭಂಡಾರಕ್ಕೇ ಸೇರಿದೆ. ನಮ್ಮದು ನಮಗೆ ಹಿಂದಿರುಗಬೇಕೆಂಬ ದೇಶಾಭಿಮಾನವು ಪ್ರೇಕ್ಷಕನ ಎದೆಯಲ್ಲಿ ಉಕ್ಕುವಷ್ಟರಲ್ಲಿ ನೆಲವು ಅವನನ್ನು ಬಾಗಿಲ ಕಡೆಗೆ ಒಯ್ದಿರುತ್ತದೆ. ಇದನ್ನು ರಾಜನೀತಿಯೆನ್ನಬೇಕೋ ಶಿಲ್ಪಶಾಸ್ತ್ರವೆನ್ನಬೇಕೋ ವಿದ್ವಾಂಸರು ವಿವೇಚಿಸಲಿ.

ಗ್ರೀನಿಚ್ಚಿನ ಗುಡ್ಡದ ಮೇಲಿನ ವೀಕ್ಷಣಾಲಯದಲ್ಲಿ ಪ್ರಮಾಣವಿಚಾರವು ಇನ್ನಷ್ಟು ಜಟಿಲವಾಗುತ್ತದೆ. ಖಗೋಳಜ್ಞ ಏರಿಯ ದೂರದರ್ಶಕದ ಮೂಲಕ ಹಾದುಹೋಗುವ ರೇಖೆಯನ್ನು 1884ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ದೇಶಗಳು ಶೂನ್ಯ ರೇಖಾಂಶವೆಂದು ಒಪ್ಪಿದವು. ಅಂಗಳದಲ್ಲಿ ಅದನ್ನು ಲೋಹದ ಪಟ್ಟಿಯಿಂದ ಗುರುತಿಸಿದ್ದಾರೆ. ಶುಲ್ಕ ತೆತ್ತವರು ಸಾಲಾಗಿ ಬಂದು ಒಂದು ಕಾಲನ್ನು ಪೂರ್ವಗೋಲಾರ್ಧದಲ್ಲಿಯೂ ಇನ್ನೊಂದನ್ನು ಪಶ್ಚಿಮಗೋಲಾರ್ಧದಲ್ಲಿಯೂ ಊರಿ, ಹಲ್ಲು ಕಾಣುವಂತೆ ನಿಂತು, ಫೋಟೋ ತೆಗೆಸಿಕೊಳ್ಳುತ್ತಾರೆ. ಆದರೆ ಅವರ ಕಿಸೆಯಲ್ಲಿರುವ ಫೋನನ್ನೇ ಕೇಳಿದರೆ ಅದು ಬೇರೆ ಮಾತು ಹೇಳುತ್ತದೆ: ಉಪಗ್ರಹಗಳ ಗಣಿತದಂತೆ ಶೂನ್ಯರೇಖೆಯಿರುವುದು ಅಲ್ಲಿಂದ ಸುಮಾರು 102 ಮೀಟರು ಪೂರ್ವಕ್ಕೆ. ಏರಿಯ ಕಾಲದಲ್ಲಿ ನೆಚ್ಚಿದ್ದ ಲಂಬಸೂತ್ರವು ಆ ಸ್ಥಳದ ಗುರುತ್ವಾಕರ್ಷಣೆಗೆ ಮಣಿದು ತುಸುವೇ ಓರೆಯಾಗಿ ತೂಗುವುದು ಇದಕ್ಕೆ ಕಾರಣ. ಆದ್ದರಿಂದ ಫೋಟೋದಲ್ಲಿರುವ ಎರಡು ಕಾಲುಗಳೂ ನಿಶ್ಚಯವಾಗಿ ಪಶ್ಚಿಮದಲ್ಲಿಯೇ ಇವೆ. ಎರಡು ಲೋಕಗಳಲ್ಲಿ ಒಂದೊಂದು ಕಾಲಿಟ್ಟು ನಿಂತವನು ನಾನು ಎಂದು ಮುಂದೆ ಬರೆಯಲಿರುವ ಪ್ರವಾಸಕಥನಕ್ಕಾಗಿ ಈಗಾಗಲೇ ವಾಕ್ಯ ಹೊಂದಿಸಿಕೊಂಡಿರುವ ಸಾಹಿತಿಗೆ ಈ ಅಂಶವನ್ನು ತಿಳಿಸತಕ್ಕದ್ದಲ್ಲ.

ಇನ್ನು ಈ ಶಾಸ್ತ್ರದ ಗಹನವಾದ ಪ್ರಕರಣ. ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಮನೆಯೊಳಗೆ ಟಿಪ್ಪುವಿನ ಹುಲಿಯಿದೆ. ಮರದಲ್ಲಿ ಕಡೆದು ಬಣ್ಣ ಹಚ್ಚಿದ ಹುಲಿಯೊಂದು ಅಂಗಾತ ಬಿದ್ದ ಐರೋಪ್ಯನ ಮೇಲೆರಗಿ ಕುತ್ತಿಗೆಗೆ ಬಾಯಿಹಾಕಿದೆ. ಪಕ್ಕದ ಹಿಡಿಯನ್ನು ತಿರುಗಿಸಿದರೆ ಅವನ ಕೈ ಮೇಲೇಳುವುದು, ಹುಲಿ ಗುರುಗುಟ್ಟುವುದು, ಅವನು ನರಳುವುದು. ಹುಲಿಯ ಹೊಟ್ಟೆಯ ಬದಿಯ ಬಾಗಿಲು ತೆಗೆದರೆ ಒಳಗೆ ಸಣ್ಣದೊಂದು ವಾದ್ಯದ ಮನೆಗಳು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕೊಳ್ಳೆಹೋದ ಇದನ್ನು ಕಂಪನಿಯವರು ಲಂಡನ್ನಿನ ತಮ್ಮ ಕಚೇರಿಯಲ್ಲಿ ಇಟ್ಟಿದ್ದರು. ಬಂದ ಬಂದ ಸಾರ್ವಜನಿಕರು ಹಿಡಿ ತಿರುಗಿಸಿ ಗರ್ಜನೆ ಎಬ್ಬಿಸುತ್ತಿದ್ದುದರಿಂದ ಅಲ್ಲಿಯ ಪುಸ್ತಕಶಾಲೆಯಲ್ಲಿ ಓದುತ್ತಿದ್ದವರು ರೋಸಿಹೋದರಂತೆ. ಎರಡನೆಯ ಮಹಾಯುದ್ಧದಲ್ಲಿ ಸೂರು ಕುಸಿದು ಹುಲಿ ಚೂರಾಯಿತು, ಬಳಿಕ ಅದನ್ನು ಮರಳಿ ಜೋಡಿಸಿದರು. ಮೈಸೂರಿನಿಂದ ಬಂದ ನಮ್ಮ ಅಧಿಕಾರಿಯು ಇದರೆದುರು ಬಹಳ ಹೊತ್ತು ನಿಲ್ಲುವನು, ಕಣ್ಣು ತೇವವಾದರೂ ಆಗಬಹುದು. ಶ್ರೀರಂಗಪಟ್ಟಣವು ಅವನ ಮನೆಗೆ ಒಂದು ಗಾವುದವೂ ಅಲ್ಲ. ಬೆಂಗಳೂರಿಗೆ ಹೋಗಿಬರುವಾಗಲೆಲ್ಲ ನಿರ್ವಾಹಕನು ‘ಪಟ್ಣ ಇಳಿಯೋರು ಮುಂದೆ ಬನ್ನಿ’ ಎಂದು ಕೂಗಿದಾಗ ಅರೆಗಣ್ಣು ತೆರೆದು, ತನ್ನನ್ನಲ್ಲವೆಂದು ಖಚಿತವಾದ ಮೇಲೆ ಮತ್ತೆ ಮುಚ್ಚಿದವನಿವನು. ಅಲ್ಲಿಯ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಪೊಳ್ಳಿಲೂರಿನ ಯುದ್ಧದ ಚಿತ್ರವಿದೆಯೆಂಬುದನ್ನು ಇವನು ತಿಳಿದದ್ದು ಸಹ ಲಂಡನ್ನಿನ ಪುಸ್ತಕದಂಗಡಿಯಲ್ಲಿ. ಇದು ಅವನ ದೋಷವಲ್ಲ. ಅತಿದೂರದಂತೆ ಅತಿಸಾಮೀಪ್ಯವೂ ಪ್ರತ್ಯಕ್ಷಕ್ಕೆ ಅಡ್ಡಿಯೆಂದು ಸಾಂಖ್ಯರು ಎಂದೋ ಹೇಳಿಟ್ಟಿದ್ದಾರೆ. ಕಣ್ಣಿಗೆ ಹಚ್ಚಿದ ಕಾಡಿಗೆ ಕಣ್ಣಿಗೆ ಕಾಣುವುದಿಲ್ಲ. ಮೈಸೂರಿನವನಿಗೆ ಟಿಪ್ಪುವಿನ ಹುಲಿ ಕಾಣಬೇಕಾದರೆ ಅದನ್ನು ಎಂಟು ಸಾವಿರ ಕಿಲೋಮೀಟರಿನ ಆಚೆಗೆ ಒಯ್ದಿರಿಸುವುದು ಅವಶ್ಯವಾಗಿತ್ತೆಂದು ವಾದಿಸುವ ಒಂದು ಪಕ್ಷವೂ ಉಂಟು. ಆ ಪಕ್ಷದವರಿಗೆ ಗಾಜಿನ ಮನೆಗಳಲ್ಲಿ ಒಳ್ಳೆಯ ಸಂಬಳದ ಉದ್ಯೋಗವೂ ಉಂಟು.

ಆತ್ಮಚಿಂತನವಿಧಿ ಸಂಕ್ಷಿಪ್ತವಾದದ್ದು. ಇದಕ್ಕೆ ಹೊಳೆ, ಒರಗಲು ತಕ್ಕ ಕಟ್ಟೆ, ಇಳಿಹೊತ್ತು ಇವು ಮೂರೂ ಬೇಕು. ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ, 2015ರ ನವೆಂಬರಿನಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯ ಬಳಿ, ಆಚೆ ದಡದಲ್ಲಿ ಪಾರ್ಲಿಮೆಂಟಿನ ಗೋಪುರಗಳು ಕಾಣುವಲ್ಲಿ, ಕನ್ನಡಿಗನಿಗೆ ಈ ಮೂರೂ ಒಂದೆಡೆ ಒದಗುತ್ತವೆ. ಅಲ್ಲಿ ನಿಂತು, ಬಂದಾಗ ಇದ್ದವನು ತಾನೇ ಹೌದೇ, ಹೋದಮೇಲೆ ಉಳಿಯುವವನು ಯಾರು ಎಂದು ಅವನು ತನ್ನನ್ನು ಕೇಳಿಕೊಳ್ಳತೊಡಗಿದಾಗ ಫೋನು ಮೊಳಗತಕ್ಕದ್ದು.

‘ಏನೋ, ಇನ್ನೂ ಬೀದೀಲೇ ಇದೀಯಾ? ಊಟ ಆಯ್ತಾ?’

‘ಇನ್ನೂ ಸಂಜೆ ಕಣಮ್ಮ ಇಲ್ಲಿ. ನೀನ್ಯಾಕೆ ಮಲಗಿಲ್ಲ?’

‘ನಿದ್ದೆ ಬರ್ಲಿಲ್ಲ. ನೋಡು, ಆ ಉಪ್ಪಿನಕಾಯಿ ಡಬ್ಬ ಬಿಸಾಕ್ಬೇಡ, ತೊಳ್ದು ತಗೊಂಡ್ ಬಾ.’

‘ಅಮ್ಮಾ, ಅದು ಪ್ಲಾಸ್ಟಿಕ್ಕು.’

‘ಆದ್ರೇನು? ಮುಚ್ಚಳ ಗಟ್ಟಿ ಇದೆ.’

ಭಾಷ್ಯಕಾರನು ಇಲ್ಲಿಗೆ ಸುಮ್ಮನಾಗುತ್ತಾನೆ. ಬಾಳಿನ ಅರ್ಥದ ಪ್ರಶ್ನೆಯು ಬಿಟ್ಟುಹೋಯಿತೆಂದು ಯಾರೂ ಆಮೇಲೆ ದೂರಿದ್ದನ್ನು ಕೇಳಿಲ್ಲ. ಡಬ್ಬ ಬಿಟ್ಟುಹೋದರೆ ಮಾತ್ರ ದೂರು ಬರುತ್ತದೆ.

ಕೊನೆಯದು ಪ್ರಾಯಶ್ಚಿತ್ತ ಪ್ರಕರಣ. ಸಪ್ತಾಹವು ಸಾಂಗವಾಗಿ ಮುಗಿದು, ಕಂಬಳಿ, ಬಾಣಲೆ, ಕುಕ್ಕರುಗಳನ್ನು ಹೊಸದಾಗಿ ಬಂದಿರುವವರಿಗೆ ದಾನಮಾಡಿ, ಎಲ್ಲರಿಗೂ ಒಮ್ಮೆ ಗದ್ಗದಕಂಠದಿಂದ ವಿದಾಯ ಹೇಳಿ ಆದಮೇಲೆ ವಿಮಾನವು ಒಂದು ದಿನ ತಡವಾದರೆ ಮಾಡತಕ್ಕದ್ದೇನು? ಆ ದಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಹೋಗತಕ್ಕದ್ದೆಂದು ಕೆಲವರು. 1759ರಿಂದ ಬಾಗಿಲು ತೆರೆದುಕೊಂಡಿರುವ ಅದು ಮುಂದಿನ ಸಲ ಬಂದಾಗಲೂ ಇರುತ್ತದೆಂದು ಹಲವರು. ಎರಡನೆಯ ಮತವೇ ಶಿಷ್ಟಸಮ್ಮತ. ಅಂಥವನು ಹಗಲೆಲ್ಲ ನಿದ್ರಿಸಿ, ಬೇಯಿಸಿಕೊಳ್ಳಲು ಪಾತ್ರೆಯಿಲ್ಲದ್ದರಿಂದ ಕುಕ್ಕರನ್ನು ದಾನ ಪಡೆದವರ ಮನೆಗೇ ರಾತ್ರಿ ಊಟಕ್ಕೆ ಹೋಗತಕ್ಕದ್ದು. ಗ್ಯಾಸ್ಕೆಟ್ಟು ಸಡಿಲವಾಗಿ ಸೀಟಿಯೇ ಬರುವುದಿಲ್ಲವೆಂದು ಅವರು ಹೇಳುವುದನ್ನು, ಅರೆಬೆಂದ ಬೇಳೆಯ ಸಾರನ್ನು ಸುರಿದುಕೊಂಡು, ಮರುಮಾತಿಲ್ಲದೆ ಕೇಳತಕ್ಕದ್ದು.