ಮೆಣಸಿನ ಚೀಲದ ಪಕ್ಕ

ಕಳಸದ ಕಡೆ ತೋಟ ಮಾಡುವ ನಾವು ಮದುವೆ, ಮುಂಜಿ, ಗೃಹಪ್ರವೇಶ ಎಲ್ಲವನ್ನೂ ಕಾಫಿ ಕುಯ್ಲು ಮುಗಿಸಿಕೊಂಡೇ ಇಟ್ಟುಕೊಳ್ಳುವವರು. ನಮ್ಮ ಎರಡನೇ ಮಗು ಮಾತ್ರ ಯಾರನ್ನೂ ಕೇಳದೆ ಆಷಾಢಕ್ಕೆ ದಿನ ಗೊತ್ತುಮಾಡಿಕೊಂಡಿದೆ. ಹೋದ ಕರೆಂಟು ಯಾವಾಗ ಬರುತ್ತದೋ ಗೊತ್ತಿಲ್ಲದ, ಚಾರ್ಮಾಡಿಯಲ್ಲಿ ಗುಡ್ಡ ಜರಿಯುವ, ಪಾಪುವಿನ ಬಟ್ಟೆಯನ್ನು ಬಚ್ಚಲೊಲೆ ಮೇಲೆ ಹಗ್ಗ ಕಟ್ಟಿ ಒಣಗಿಸಿ ಹೊಗೆ ವಾಸನೆ ಸಮೇತ ತೊಡಿಸುವ ಕಾಲ. ಮೂಡಿಗೆರೆಯಲ್ಲಿ ಅತ್ತೆ ಬಾಣಂತನಕ್ಕೆ ಈಗಲೇ ಸೌದೆ ಒಟ್ಟಿಸಿದ್ದಾರೆ. ಅಮ್ಮ ಹಳೇ ಕಾಟನ್ ಸೀರೆ ಹರಿಯುತ್ತಿದ್ದಾರೆ. ನನ್ನ ಪಾಲಿಗೆ ಉಳಿದದ್ದು ಮಾನಸಿಕ ಸಿದ್ಧತೆ.

ಮೊದಲ ಮಗುವಿಗೆ ಹೊಟ್ಟೆಕಿಚ್ಚು ಬರುತ್ತದಂತೆ. ಪುಸ್ತಕ ತರಿಸಿ ಓದಿ, ಆರು ವರ್ಷದ ಮಗಳನ್ನು ತೋಟಕ್ಕೆ ಕರೆದೊಯ್ದೆ. ಹೂಮಳೆ ಬಿದ್ದು ಎಂಟು ದಿನವಾಗಿತ್ತು. ರೊಬಸ್ಟಾ ಬೆಳ್ಳಗೆ ಅರಳಿ ನಿಂತಿತ್ತು. ಈ ಹೂ ಹಣ್ಣಾಗಲು ಹತ್ತು ತಿಂಗಳಾದರೂ ಬೇಕು, ಅಮ್ಮನ ಹೊಟ್ಟೆಯಲ್ಲೂ ಹೀಗೇ ಎಂದು ಶುರುಮಾಡಿ, "ಪಾಪು ಬಂದ್ರೂ ಅಪ್ಪಂಗೆ ನೀನಂದ್ರೆ ಅಷ್ಟೇ ಇಷ್ಟ" ಎನ್ನುವಾಗ ನನ್ನ ಗಂಟಲೇ ಕಟ್ಟಿತು.

"ಸರಿ. ಕೈ ತೆಗಿ ಅಪ್ಪ, ಚಗಳಿ ಹತ್ತುತ್ತೆ" ಎಂದಳು.

ತಾಯಿ ಕಾರ್ಡ್ ನೋಡಲು ಬಂದ ಆಶಾ ಅಕ್ಕ, ಮಾತೃವಂದನಾ ಯೋಜನೆಯಲ್ಲಿ ಅರ್ಹರಿಗೆ ಮೊದಲ ಮಗುವಿಗೆ 5,000, ಎರಡನೆಯದು ಹೆಣ್ಣಾದರೆ ಮಾತ್ರ 6,000 ರೂಪಾಯಿ ಎಂದರು.

"ಪಾಪುಗೆ ನನಗಿಂತ ಜಾಸ್ತಿನಾ?"

ಬಂತು ಹೊಟ್ಟೆಕಿಚ್ಚು! ಓದಿದ್ದು ದಂಡವಾಗಲಿಲ್ಲ ಎಂದು ಉತ್ಸಾಹದಿಂದ ಕುರ್ಚಿ ಎಳೆದುಕೊಂಡೆ. ಅಷ್ಟರಲ್ಲಿ "ಐನೂರು ನಂಗೆ ಕೊಟ್ರೆ ಸಮ ಆಗತ್ತೆ" ಎಂದು ಅವಳೇ ಪಂಚಾಯ್ತಿ ಮುಗಿಸಿದಳು.

ಹಾಸಿಗೆ ಹಂಚಿಕೆಯೂ ಅವಳದೇ. ಅಮ್ಮನ ಈ ಕಡೆ ಪಾಪು, ಆ ಕಡೆ ತಾನು.

"ನಾನು?"

"ಮೆಣಸಿನ ಚೀಲ ಇಟ್ಟಿದೀವಲ್ಲ, ಆ ರೂಮು. ನೀನು ದೊಡ್ಡವ್ನಲ್ವಾ ಅಪ್ಪ? ಹೊಂದ್ಕೊಂಡು ಹೋಗ್ಬೇಕು."

ಅವಳಿಗೆ ಹೇಳಲೆಂದು ನಾನು ಬಾಯಿಪಾಠ ಮಾಡಿಟ್ಟುಕೊಂಡಿದ್ದ ಮಾತದು. ಗೋಡೆ ಕಡೆ ತಿರುಗಿ ಮಲಗಿದ್ದ ಹೆಂಡತಿಯ ಭುಜ ಕುಲುಕುತ್ತಿತ್ತು. "ರೀ, ನಿಮ್ ಪುಸ್ತಕದಲ್ಲಿ ಅಪ್ಪಂದಿರ ಹೊಟ್ಟೆಕಿಚ್ಚಿಗೆ ಏನೂ ಬರ್ದಿಲ್ವಾ?"

ಬೆಳಿಗ್ಗೆ ವ್ಯಾಪಾರಿಗೆ ಫೋನು ಮಾಡಿ, ರೇಟು ಏರಲೆಂದು ಇಟ್ಟುಕೊಂಡಿದ್ದ ಮೆಣಸನ್ನೆಲ್ಲ ಕೊಡುತ್ತೇನೆಂದೆ.

"ಇನ್ನೊಂದು ತಿಂಗಳು ತಡೀರಿ, ಏರೋ ಹಂಗಿದೆ."

"ಆಗಲ್ಲ ಮಾರಾಯ್ರೆ, ಆ ಜಾಗಕ್ಕೆ ಬೇರೆ ಮಾಲು ಬರೋದಿದೆ."

"ಹೌದಾ? ಒಣಗಿದ್ಯಾ?"

"ಒಣಗ್ತಾ ಇದೆ" ಎಂದೆ.