ಆದ ಮೇಲೆ ಹೇಳಿ

ಬ್ರೌಸರಿನ ಪರದೆ ಮಾತುಮಾತಿಗೆ ಬೆಳ್ಳಗಾಗುತ್ತಿದ್ದ ಕಾಲವೊಂದಿತ್ತು. ಸೈಬರ್ ಕೆಫೆಯ ಪ್ಲೈವುಡ್ ಗೂಡಿನಲ್ಲಿ ಕೂತು ಅರ್ಜಿ ತುಂಬುತ್ತ ‘ಕರ್ನಾಟಕ’ ಎಂದು ಆರಿಸಿದಿರೋ, ಕೆಳಗಿನ ಜಿಲ್ಲೆಗಳ ಪಟ್ಟಿಯೊಂದು ಬದಲಾಗಲೆಂದು ಇಡೀ ಪುಟ ಮಾಯವಾಗಿ, ಮೇಲಿನಿಂದ ಚೂರುಚೂರಾಗಿ ಮತ್ತೆ ಇಳಿಯುತ್ತಿತ್ತು. ಬರುವಾಗ ಅಷ್ಟು ಹೊತ್ತು ಕುಟ್ಟಿದ್ದ ಹೆಸರು, ವಿಳಾಸ, ಪಿನ್‌ಕೋಡನ್ನೆಲ್ಲ ನುಂಗಿಕೊಂಡು ಬರುವುದೂ ಇತ್ತು. ಗಂಟೆ ಲೆಕ್ಕದಲ್ಲಿ ದುಡ್ಡು ಎಣಿಸುವ ಕೆಫೆಯವನಿಗೆ ಇದರ ಬಗ್ಗೆ ಯಾವ ತಕರಾರೂ ಇದ್ದಂತಿರಲಿಲ್ಲ.

ಈಗ ಜಿಲ್ಲೆ ಆರಿಸಿದರೆ ತಾಲ್ಲೂಕಿನ ಪಟ್ಟಿಯಷ್ಟೇ ಬದಲಾಗುತ್ತದೆ. ಮಿಕ್ಕದ್ದು ಅಲುಗುವುದಿಲ್ಲ. ಪುಟ ತಾನಿದ್ದಲ್ಲೇ ಇದ್ದು, ನಮಗೆ ತಿಳಿಯದಂತೆ ಸರ್ವರ್‌ಗೆ ಹೇಳಿಕಳಿಸಿ, ಬೇಕಾದಷ್ಟನ್ನೇ ತರಿಸಿಕೊಳ್ಳುತ್ತದೆ. ಈ ಉಪಾಯ ಹುಟ್ಟಿದ್ದು ಮೈಕ್ರೋಸಾಫ್ಟ್‌ನವರು ತಮ್ಮ ಔಟ್‌ಲುಕ್ ಮೇಲನ್ನು ಬ್ರೌಸರಿನಲ್ಲೂ ಓಡಿಸಲು ಹೊರಟಾಗ. ಅದಕ್ಕೆಂದು ಬರೆದ ತುಣುಕನ್ನು ಬಿಡುಗಡೆಗೆ ಸಿದ್ಧವಾಗುತ್ತಿದ್ದ ಎಕ್ಸ್‌ಎಂಎಲ್ ಲೈಬ್ರರಿಯೊಳಗೆ ತುರುಕಿದರು. 1999ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರ ಬೆನ್ನೇರಿ ಅದು ಹೊರಬಂತು. ಜಗತ್ತು ಅದನ್ನು ಗಮನಿಸಿದ್ದು ಐದಾರು ವರ್ಷ ತಡವಾಗಿ. 2004ರ ಏಪ್ರಿಲ್ 1ರಂದು ಇದೇ ಉಪಾಯ ನೆಚ್ಚಿದ ಜಿಮೇಲ್ ಬಂದಾಗ ಅದು ಕೊಡುವೆನೆಂದ ಒಂದು ಜಿಬಿ ಜಾಗವನ್ನು ಕೇಳಿ ಏಪ್ರಿಲ್ ಫೂಲ್ ಎಂದುಕೊಂಡವರಿದ್ದರು. ಮುಂದಿನ ಫೆಬ್ರವರಿಯಲ್ಲಿ ಬಂದ ಗೂಗಲ್ ಮ್ಯಾಪ್ಸ್‌ನಲ್ಲಿ ಭೂಪಟವನ್ನು ಹಿಡಿದೆಳೆದರೆ ಪಕ್ಕದ ಊರು ತಾನಾಗಿ ಬಂದು ಕೂರುತ್ತಿತ್ತು. ಅದೇ ತಿಂಗಳು ಜೆಸ್ಸಿ ಜೇಮ್ಸ್ ಗ್ಯಾರೆಟ್ ಎಂಬುವರು ಇದಕ್ಕೆಲ್ಲ ಅಜಾಕ್ಸ್ ಎಂದು ನಾಮಕರಣ ಮಾಡಿದರು. ಮಗು ಅಷ್ಟರಲ್ಲಿ ಓಡಾಡುತ್ತಿತ್ತು, ಬಿಡಿ.

ಹೀಗೆ ಹೇಳಿಕಳಿಸುವ ಪಾಡು ಯಾಕೆ ಬಂತೆಂದರೆ ಜಾವಾಸ್ಕ್ರಿಪ್ಟ್‌ಗೆ ಇರುವುದು ಒಂದೇ ಕೈ. 1995ರಲ್ಲಿ ನೆಟ್‌ಸ್ಕೇಪ್‌ನಲ್ಲಿ ಬ್ರೆಂಡನ್ ಐಕ್ ಹತ್ತು ದಿನದಲ್ಲಿ ಅದರ ಮೊದಲ ರೂಪ ಕಟ್ಟಿದಾಗಿನಿಂದಲೂ ಪುಟದ ಕೆಲಸವನ್ನು ಅದು ಒಂದಾದ ಮೇಲೊಂದರಂತೆ ಮಾಡುತ್ತ ಬಂದಿದೆ. ಸರ್ವರ್‌ನ ಉತ್ತರಕ್ಕೆಂದು ಅದು ಕೈಕಟ್ಟಿ ನಿಂತರೆ ಗುಂಡಿ ಒತ್ತಲಾಗದು, ಪುಟ ಜಾರಿಸಲಾಗದು. ಬೇಕಿದ್ದರೆ ನೋಡಬಹುದು: ಕೋರಿಕೆಯನ್ನು ಸಿದ್ಧಮಾಡುವ ಓಪನ್ ಎಂಬ ಆಜ್ಞೆಗೆ ಮೂರನೆಯ ಮಾತಾಗಿ ಫಾಲ್ಸ್ ಎಂದು ಕೊಟ್ಟರೆ ಅದು ನಿಜಕ್ಕೂ ಕಾಯುತ್ತದೆ, ಇಡೀ ಪುಟ ಕಲ್ಲಾಗುತ್ತದೆ. ಇಂಥ ಕೆಲಸ ಬೇಡವೆಂದು ಈಗಿನ ಬ್ರೌಸರುಗಳೇ ಗೊಣಗುತ್ತವೆ.

ನನ್ನ ಅಕ್ಕನ ಮಗ ಈ ವಿದ್ಯೆಯನ್ನು ಕಲಿಯಲು ಶುರುಮಾಡಿದಾಗ ಲ್ಯಾಪ್‌ಟಾಪ್ ಹಿಡಿದುಕೊಂಡು ನೇರ ನನ್ನ ಹತ್ತಿರ ಬಂದ. ‘ಮಾವ, ಮೊದಲನೇ ಸಾಲಲ್ಲಿ ಸರ್ವರ್‌ನ ಕೇಳಿದೀನಿ, ಎರಡನೇ ಸಾಲಲ್ಲಿ ಉತ್ತರ ತೋರಿಸು ಅಂದಿದೀನಿ. ಅನ್‌ಡಿಫೈನ್ಡ್ ಅಂತಿದೆ.’

‘ಗಿರಣಿಗೆ ಗೋಧಿ ಹಾಕಿ ಮನೆ ಬಾಗಿಲಿಗೆ ಬರೋದ್ರೊಳಗೆ ಚಪಾತಿ ಲಟ್ಟಿಸು ಅಂದ್ರೆ ನಿಮ್ಮಮ್ಮ ಏನು ಮಾಡ್ತಾಳೋ?’

‘ಹಿಟ್ಟೆಲ್ಲಿ ಅಂತಾಳೆ.’

‘ಅದನ್ನೇ ಅದೂ ಅಂತಿರೋದು.’

ಗಿರಣಿಯವನ ಮುಂದೆ ಯಾರೂ ನಿಂತು ಕಾಯುವುದಿಲ್ಲ. ಡಬ್ಬ ಇಟ್ಟು, ‘ಆದ ಮೇಲೆ ಹೇಳಿ’ ಎಂದು ತರಕಾರಿಗೆ ಹೋಗುತ್ತೇವೆ. ಹಿಟ್ಟು ಬಂದ ಮೇಲೆ ಜರಡಿ ಹಿಡಿಯುವುದು, ಡಬ್ಬಕ್ಕೆ ತುಂಬುವುದು ಎಲ್ಲ ಮೊದಲೇ ತೀರ್ಮಾನವಾಗಿರುತ್ತದೆ. ಆಗುವುದು ಮಾತ್ರ ಆಮೇಲೆ. ಕಾಲ್‌ಬ್ಯಾಕ್ ಫಂಕ್ಷನ್ ಎಂದರೆ ಹಾಗೆ ಮುಂಚೆಯೇ ಒಪ್ಪಿಸಿಟ್ಟ ಕೆಲಸ. ಉತ್ತರ ಬಂದಾಗ, ಕೈಯಲ್ಲಿದ್ದ ಕೆಲಸ ಮುಗಿದ ಮೇಲೆ, ಬ್ರೌಸರ್ ಅದನ್ನು ಕರೆಯುತ್ತದೆ. ಹುಡುಗ ತೋರಿಸುವ ಸಾಲನ್ನು ಆ ಫಂಕ್ಷನ್ನಿನೊಳಗೆ ಸರಿಸಿದ, ಉತ್ತರ ಕಂಡಿತು.

ಕಂಡಿತು ನಿಜ, ಆದರೆ ಈ ಬ್ರೌಸರ್ ಬಲು ವಾಚಾಳಿ. ಕೋರಿಕೆ ಯಾವ ಹಂತದಲ್ಲಿದೆ ಎಂದು ಹೇಳುವ ರೆಡಿಸ್ಟೇಟ್ ಎಂಬುದೊಂದಿದೆ. 1 ಎಂದರೆ ಹೊರಡಲು ಸಿದ್ಧ, 2 ಎಂದರೆ ಉತ್ತರದ ತಲೆಬರಹ ಮಾತ್ರ ಬಂದಿದೆ, 3 ಎಂದರೆ ಮೈ ಬರುತ್ತಿದೆ, 4 ಎಂದರೆ ಮುಗಿಯಿತು. ಪ್ರತಿ ಹಂತದಲ್ಲೂ ಅದು ನಮ್ಮ ಫಂಕ್ಷನ್ ಕರೆದು ವರದಿ ಒಪ್ಪಿಸುತ್ತದೆ, ನಾವು 4 ಬರುವ ತನಕ ಕಿವಿಗೆ ಹಾಕಿಕೊಳ್ಳುವುದಿಲ್ಲ. 4 ಬಂದರೂ ಹಿಗ್ಗುವಂತಿಲ್ಲ. ಪಕ್ಕದಲ್ಲಿ ಸ್ಟೇಟಸ್ 200 ಇದ್ದರೆ ಸರಿ, 404 ಇದ್ದರೆ ಹೋದ ಪುಟ್ಟ ಬಂದ ಪುಟ್ಟ.

ನಿಜವಾದ ಫಜೀತಿ ಎರಡು ಕೋರಿಕೆಗಳನ್ನು ಬೆನ್ನುಬೆನ್ನಿಗೆ ಕಳಿಸಿದಾಗ. ಗೋಧಿ ಮೊದಲು ಕೊಟ್ಟಿದ್ದರೂ ರಾಗಿ ಹಿಟ್ಟೇ ಮೊದಲು ಕೈಗೆ ಬರಬಹುದು. ಹುಡುಗನ ಪುಟದಲ್ಲಿ ಊರು ಹುಡುಕುವ ಪೆಟ್ಟಿಗೆಯೊಂದಿತ್ತು. ‘ಹಾ’ ಎಂದಾಗ ಒಂದು ಕೋರಿಕೆ, ‘ಹಾಸನ’ ಎಂದು ಮುಗಿಸಿದಾಗ ಇನ್ನೊಂದು. ಎರಡನೆಯದರ ಉತ್ತರ ಚಿಕ್ಕದು, ಓಡಿ ಬಂತು. ‘ಹಾ’ದ ದೊಡ್ಡ ಪಟ್ಟಿ ಏದುಸಿರು ಬಿಡುತ್ತ ಕೊನೆಗೆ ಬಂದು, ಸರಿಯಾದ ಉತ್ತರದ ಮೇಲೆ ತನ್ನನ್ನು ಬರೆದುಕೊಂಡಿತು. ಪೆಟ್ಟಿಗೆಯಲ್ಲಿ ಹಾಸನ, ಕೆಳಗೆ ಹಾವೇರಿ. ತಪ್ಪು ಮಾಡಿದವರು ಯಾರೂ ಇಲ್ಲ, ಎಲ್ಲರೂ ಹೇಳಿದ ಕೆಲಸವನ್ನೇ ಮಾಡಿದ್ದಾರೆ. ಸರ್ಕಾರಿ ಕಡತಗಳ ಪರಿಚಯವಿದ್ದವರಿಗೆ ಇದರಲ್ಲಿ ಅಚ್ಚರಿ ಕಾಣಲಾರದು. ಹೊಸ ಕೋರಿಕೆ ಹೊರಡುವ ಮುನ್ನ ಹಳೆಯದನ್ನು ಅಬಾರ್ಟ್ ಮಾಡಬೇಕು; ಬೆರಳು ಒಂದಿಷ್ಟು ಮಿಲಿಸೆಕೆಂಡು ಸುಮ್ಮನಾಗುವ ತನಕ ಕೇಳಲೇ ಬಾರದು ಎಂಬ ಜಾಣತನವೂ ಉಂಟು.

ಒಂದು ಕಾಲ್‌ಬ್ಯಾಕಿನ ಹೊಟ್ಟೆಯಲ್ಲಿ ಇನ್ನೊಂದು, ಅದರೊಳಗೆ ಮತ್ತೊಂದು ಹುಟ್ಟಿ ಸಾಲುಗಳೆಲ್ಲ ಬಲಕ್ಕೆ ವಾಲುವ ರೋಗಕ್ಕೆ 2015ರಲ್ಲಿ ಪ್ರಾಮಿಸ್, 2017ರಲ್ಲಿ ಅಸಿಂಕ್-ಅವೇಟ್ ಎಂಬ ಮದ್ದುಗಳು ಬಂದವು. ಈಗ ಹುಡುಗನ ಆಸೆಯಂತೆ ಎರಡನೇ ಸಾಲು ಎರಡನೆಯದಾಗಿಯೇ ನಡೆಯುವಂತೆ ಬರೆಯಬಹುದು. ಕಾಯುವುದು ಮಾತ್ರ ಎಲ್ಲಿಗೂ ಹೋಗಿಲ್ಲ. ಬೆಳ್ಳಗಿನ ಪರದೆ ಕನಿಷ್ಠ ಮುಖಕ್ಕೆ ಹೊಡೆದಂತೆ ಹೇಳುತ್ತಿತ್ತು, ಈಗಿನ ಗಿರಗಿರ ಚಕ್ರದ ಮುಂದೆ ಕೂತವನಿಗೆ ಅದು ದುಡಿಯುತ್ತಿದೆಯೋ ಸತ್ತಿದೆಯೋ ಗೊತ್ತಾಗದು. ಎಷ್ಟೋ ಸಲ ಕೋರಿಕೆ ಎಂದೋ ವಿಫಲವಾಗಿರುತ್ತದೆ. ವಿಫಲವಾದರೆ ಚಕ್ರ ನಿಲ್ಲಿಸು ಎಂದು ಯಾರೂ ಬರೆದಿರುವುದಿಲ್ಲ, ಅಷ್ಟೇ.

ಇದನ್ನು ಹುಡುಗನಿಗೆ ಹೇಳಿದೆ. ‘ಸರ್ವರ್ ಉತ್ತರಾನೇ ಕೊಡದಿದ್ರೆ ಎಷ್ಟು ಹೊತ್ತು ಕಾಯತ್ತೆ ಮಾವ?’ ಎಂದ. ಟೈಮ್‌ಔಟ್ ಎಂಬ ಮನೆಯಲ್ಲಿ ತಾನಾಗಿ ಇರುವುದು ಸೊನ್ನೆ, ಸೊನ್ನೆ ಎಂದರೆ ಗಡುವೇ ಇಲ್ಲ ಎಂದರ್ಥ. ನಾನಾದರೆ ಎಂಟು ಸಾವಿರ ಮಿಲಿಸೆಕೆಂಡು ಇಡುತ್ತೇನೆ ಎಂದೆ. ಅವನು ಮೂವತ್ತು ಸಾವಿರ ಹಾಕಿದ. ಎಳೆ ವಯಸ್ಸು, ಇನ್ನೂ ತಾಳ್ಮೆಯಿದೆ.