ಗುರುವಂದನೆಗೊಂದು ಪಾಲಿಸಿ

(ಶಕ್ತಿನಗರದ ಒಂದು ಮನೆ. ಭಾನುವಾರ ಬೆಳಿಗ್ಗೆ. ನೀರ್‌ದೋಸೆ ಬಾಯಿಗಿಡುವಷ್ಟರಲ್ಲಿ ಫೋನು.)

ಆತ: ಬಂಗುಡೆ ಅಲ್ವನಾ? ಗುರ್ತ ಸಿಕ್ಕಿತಾ?

ನಾನು: ಆ ಹೆಸರಿಟ್ಟವನ ಗುರ್ತ ಸಿಗದೆ ಇರ್ತದಾ ಮಾರಾಯ? ಕ್ಲಾಸ್ ಲೀಡರ್!

ಆತ: ಎಂಥ ಚಂದದ ದಿನಗಳು, ಅಲ್ವಾ!

ನಾನು: ಹೌದು. ನೀನು ಬೋರ್ಡಿನಲ್ಲಿ ನನ್ನ ಹೆಸರು ಬರೆಯುವುದು, ಮಾಷ್ಟ್ರು ನಾಗರಬೆತ್ತ ತೆಗೆಯುವುದು.

ಆತ: ನೀನು ಮಾತಾಡಿದ್ದಿ, ನಾನು ಬರೆದೆ.

ನಾನು: ನನ್ನ ಹತ್ತಿರ ಮಾತಾಡುವವರೇ ಇರ್ಲಿಲ್ಲ!

ಆತ: ಅದೆಲ್ಲ ಬಿಡು. ನಮ್ಮ ಎಸ್ಸೆಸ್ಸೆಲ್ಸಿ ಬ್ಯಾಚಿನದ್ದು ಗುರುವಂದನೆ ಉಂಟು. ಶಾಲು, ಹಾರ, ಫಲಪುಷ್ಪ, ಊಟ. ತಲೆಗೆ ಎರಡು ಸಾವಿರ.

ನಾನು: ಮಾಷ್ಟ್ರು ಕುಟ್ಟಿದ ತಲೆಗೆ ರಿಯಾಯಿತಿ ಇಲ್ವಾ?

ಆತ: ಪೆಟ್ಟು ತಿಂದದ್ದಕ್ಕೇ ನಾವು ಉದ್ಧಾರ ಆದದ್ದು!

ನಾನು: ಪಾಪ, 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಆ ಉದ್ಧಾರವನ್ನೇ ನಿಷೇಧಿಸಿಬಿಟ್ಟಿತಲ್ಲ!

ಆತ: ನಿನ್ನನ್ನು ಗ್ರೂಪಿಗೆ ಸೇರಿಸ್ಲಿಕ್ಕೆ ನೋಡಿದೆ, ಆಗುವುದಿಲ್ಲ.

ನಾನು: ಯಾರು ಸೇರಿಸಬಹುದು ಅಂತ ನಾವೇ ತೀರ್ಮಾನಿಸುವ ಸೆಟ್ಟಿಂಗ್ ವಾಟ್ಸಾಪಿನಲ್ಲಿ 2019ರಿಂದ ಉಂಟು. ಎಂಟನೇ ಕ್ಲಾಸಿನಲ್ಲೂ ಇರ್ತಿದ್ರೆ!

ಆತ: ಸರಿ, ಮನೆಗೇ ಬರ್ತೇನೆ. ವಿಶ್ವ ಕೊಂಕಣಿ ಕೇಂದ್ರದಿಂದ ಎಷ್ಟು ದೂರ?

ನಾನು: ಎಂತ ಅಷ್ಟು ಅರ್ಜೆಂಟು?

ಆತ: ಸಣ್ಣದೊಂದು ಇನ್ಶೂರೆನ್ಸ್ ಪಾಲಿಸಿ. ಹಳೇ ದೋಸ್ತಿ ಅಲ್ವಾ, ಫಾರ್ಮಿನಲ್ಲಿ ನಿನ್ನ ಹೆಸರು ನಾನೇ ಬರೆಯುತ್ತೇನೆ.

ನಾನು: ಬರಿ, ಬರೆದು ಅಭ್ಯಾಸ ಉಂಟಲ್ಲ. ಪ್ರೀಮಿಯಂ ಮಾತ್ರ ಕೇಳಬೇಡ. ಹತ್ತನೇ ಕ್ಲಾಸು ಮುಗಿಯುವುದರೊಳಗೆ ಪೂರ್ತಿ ಕಟ್ಟಿ ಆಗಿದೆ!